ನಾಲ್ಕೂವರೆ ಮಿಲಿಮೀಟರಿನ ತೂತು: ವಿದ್ಯಾರ್ಥಿಗಳು ಕಟ್ಟಿದ ಹಳೆಯ ರೇಸ್ ಕಾರಿಗೆ ಮರುಜೀವ

ನಾಲ್ವರು ಸೇರಿ ಚೌಕಟ್ಟನ್ನು ಎತ್ತಿ ತಲೆಕೆಳಗಾಗಿ ಹಿಡಿದೆವು. ಅಕ್ಕಿಯ ಡಬ್ಬವನ್ನು ವಾಲಿಸಿದಾಗ ಬರುವಂಥ ಸರಸರ ಸದ್ದು ಪೈಪಿನೊಳಗಿನಿಂದ ಬಂತು. ಚಾಲಕನ ತಲೆಯ ಹಿಂದೆ ಕಮಾನಿನಂತೆ ನಿಲ್ಲುವ ದಪ್ಪ ಪೈಪಿನ ಮೇಲ್ಭಾಗದಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ಕಂದು ಪುಡಿ ಎಳೆಯಾಗಿ ಇಳಿದು ನೆಲಕ್ಕೆ ಹಾಸಿದ್ದ ದಿನಪತ್ರಿಕೆಯ ಮೇಲೆ ರಾಶಿಯಾಯಿತು. ಹೊರಗಿನ ಕೆಂಪು ಬಣ್ಣ ಒಂದಿಷ್ಟೂ ಎದ್ದಿರಲಿಲ್ಲ. ಅಲ್ಲಿಯವರೆಗೆ ನಾವೆಲ್ಲ ‘ಚೌಕಟ್ಟು ಗಟ್ಟಿಯಿದೆ, ಎಂಜಿನ್ ನೋಡಿಕೊಂಡರೆ ಸಾಕು’ ಎಂದುಕೊಂಡಿದ್ದೆವು.

ಕಾರವಾರದ ಬೈತಖೋಲ ಬಂದರಿನ ಸಮೀಪ, ದೋಣಿಯ ಎಂಜಿನ್‌ಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿನ ಮೂಲೆಯಲ್ಲಿ ಪ್ರತಿ ಭಾನುವಾರ ನಮ್ಮ ಕೆಲಸ ನಡೆಯುತ್ತದೆ. ಸಂಬಳವಿಲ್ಲ, ಗಡುವಿಲ್ಲ. ಈ ಕಾರನ್ನು ಕಟ್ಟಿದ ತಂಡದಲ್ಲಿದ್ದ ಇಬ್ಬರು ಹಳೆಯ ವಿದ್ಯಾರ್ಥಿಗಳು, ಅಂಕೋಲೆಯಿಂದ ಬರುವ ಒಬ್ಬ ಲೇತ್ ಕೆಲಸಗಾರ, ಫೈಬರ್ ದೋಣಿಗಳಿಗೆ ತೇಪೆ ಹಾಕುವ ಒಬ್ಬರು, ಶಿರಸಿಯಿಂದ ಘಟ್ಟ ಇಳಿದು ಬರುವ ಒಬ್ಬ ಭೌತಶಾಸ್ತ್ರದ ಮೇಷ್ಟ್ರು, ಜೊತೆಗೆ ನಾನು. ಇಂಥ ಕಾರನ್ನು ಮತ್ತೆ ಓಡುವಂತೆ ಮಾಡುವುದು ಹಳೆಯ ಜೀಪನ್ನೋ ಅಂಬಾಸಿಡರನ್ನೋ ರಿಪೇರಿ ಮಾಡಿದಂತೆ ಎಂದು ನೋಡಲು ಬಂದವರು ಭಾವಿಸುತ್ತಾರೆ. ಹಾಗಲ್ಲ. ಏಕೆ ಅಲ್ಲ ಎಂಬುದನ್ನು ಹೇಳಲೆಂದೇ ಈ ಬರಹ.

ಮೊದಲು ಇದು ಯಾವ ಕಾರು ಎಂಬುದು ತಿಳಿಯಬೇಕು. ವಿದ್ಯಾರ್ಥಿಗಳೇ ರೇಸ್ ಕಾರನ್ನು ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಓಡಿಸಿ ಸ್ಪರ್ಧಿಸುವ ಪದ್ಧತಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿತು. ‘ಫಾರ್ಮುಲಾ ಎಸ್‌ಎಇ’ ಎಂಬ ಹೆಸರಿನಲ್ಲಿ ಅದು ಶುರುವಾದದ್ದು 1981ರಲ್ಲಿ; ಎಸ್‌ಎಇ ಎಂದರೆ ವಾಹನ ಎಂಜಿನಿಯರುಗಳ ಸಂಘ. ಬ್ರಿಟನ್ನಿನ ‘ಫಾರ್ಮುಲಾ ಸ್ಟೂಡೆಂಟ್’ 1998ರಲ್ಲಿ ಬಂತು. ಭಾರತದಲ್ಲಿ ‘ಸುಪ್ರಾ ಎಸ್‌ಎಇ ಇಂಡಿಯಾ’ 2011ರಲ್ಲಿ ಆರಂಭವಾಯಿತು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ‘ಫಾರ್ಮುಲಾ ಭಾರತ್’ ಕೂಡ ಇದೇ ಕುಲದ್ದು. ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ಪುಟ್ಟ ಕಾರುಗಳು ಇವು. ಇಲ್ಲಿ ವೇಗವೊಂದಕ್ಕೇ ಬಹುಮಾನವಿಲ್ಲ. ಒಟ್ಟು 1000 ಅಂಕಗಳಲ್ಲಿ ವಿನ್ಯಾಸವನ್ನು ತೀರ್ಪುಗಾರರ ಮುಂದೆ ಸಮರ್ಥಿಸಿಕೊಳ್ಳುವುದಕ್ಕೆ, ಖರ್ಚಿನ ಲೆಕ್ಕ ಒಪ್ಪಿಸುವುದಕ್ಕೆ, ಕಾರನ್ನು ಮಾರುವವರಂತೆ ವಿವರಿಸುವುದಕ್ಕೆ ಪ್ರತ್ಯೇಕ ಅಂಕಗಳಿವೆ. ಕೊನೆಗೆ ಸುಮಾರು 22 ಕಿಲೋಮೀಟರ್ ದೂರದ ಸಹಿಷ್ಣುತೆಯ ಓಟ. ಬಹಳಷ್ಟು ಕಾರುಗಳು ಅದನ್ನು ಮುಗಿಸುವುದೇ ಇಲ್ಲ.

ಈಗ ಅಂಬಾಸಿಡರಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅಂಬಾಸಿಡರಿನ ಬಿಡಿಭಾಗಕ್ಕೆ ಸಂಖ್ಯೆಯಿದೆ, ಕೈಪಿಡಿಯಿದೆ, ಗುಜರಿಯಲ್ಲಿ ಅದರ ಹತ್ತು ಅಣ್ಣತಮ್ಮಂದಿರಿದ್ದಾರೆ. ವಿದ್ಯಾರ್ಥಿ ಕಾರಿಗೆ ಜಗತ್ತಿನಲ್ಲಿ ಜೋಡಿಯೇ ಇಲ್ಲ. ಆ ಬ್ರಾಕೆಟ್ ಅಲ್ಲೇ ಏಕಿದೆ, ಆ ಬೋಲ್ಟು 8 ಮಿಲಿಮೀಟರಿನದ್ದೇ ಏಕೆ ಎಂಬುದು ಯಾರೋ ಒಬ್ಬ ಇಪ್ಪತ್ತರ ಹುಡುಗನಿಗೋ ಹುಡುಗಿಗೋ ಗೊತ್ತಿತ್ತು. ಅವರು ಪಾಸಾಗಿ ಹೋದ ಮೇಲೆ ಆ ಕಾರಣವೂ ಅವರ ಜೊತೆಗೇ ಹೋಯಿತು. ಈ ತಂಡಗಳಲ್ಲಿ ಪ್ರತಿ ವರ್ಷ ಹಿರಿಯರು ಹೊರಬಿದ್ದು ಹೊಸಬರು ಬರುತ್ತಾರೆ. ಹೊಸ ಕಾರು ಎದ್ದ ಮೇಲೆ ಹಳೆಯದು ಶೆಡ್ಡಿನ ಹಿಂಬದಿಗೆ ಸರಿಯುತ್ತದೆ. ನಮ್ಮ ಕಾರೂ ಹಾಗೆಯೇ ಒಂದು ಕಾಲೇಜಿನ ವರ್ಕ್‌ಶಾಪಿನ ಹಿಂದೆ ಹಲವು ಮಳೆಗಾಲ ಕಳೆದಿತ್ತು, ಅರ್ಧ ತಗಡಿನ ಕೆಳಗೆ, ಅರ್ಧ ಆಕಾಶದ ಕೆಳಗೆ. ಆದ್ದರಿಂದ ಇಲ್ಲಿ ಭಾಗವನ್ನು ಬದಲಾಯಿಸುವ ಮೊದಲು ಅದನ್ನು ಓದಬೇಕು. ಈ ಭಾಗ ಏನು ಮಾಡುತ್ತಿತ್ತು, ಕಟ್ಟಿದವರು ಏನು ಯೋಚಿಸಿದ್ದರು ಎಂದು ವಸ್ತುವನ್ನೇ ಕೇಳಬೇಕು. ನಮ್ಮ ಸಮಯದ ಬಹುಪಾಲು ಹೋಗುವುದು ಇದಕ್ಕೇ.

ಒಂದು ಉದಾಹರಣೆ ಕೊಡುತ್ತೇನೆ. ಎಂಜಿನ್ನಿನ ಪಕ್ಕದಲ್ಲಿ ಫೈಬರಿನ ಒಂದು ಬುರುಡೆಯಾಕಾರದ ಪೆಟ್ಟಿಗೆಯಿತ್ತು. ಅದರ ಬಾಯಿಗೆ ಸೊಂಟ ಸಣ್ಣಗಾದ ಒಂದು ಕೊಳವೆ. ಬೈಕಿನಲ್ಲಿ ಇಂಥದ್ದೇನೂ ಇರುವುದಿಲ್ಲವಲ್ಲ, ಇದು ಏಕೆ ಬೇಕು ಎಂದು ಅಂಕೋಲೆಯವರು ಕೇಳಿದರು. ಉತ್ತರ ಸ್ಪರ್ಧೆಯ ನಿಯಮದಲ್ಲಿದೆ. ಪೆಟ್ರೋಲ್ ಕಾರಾದರೆ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯ ಮೂಲಕ ಹೋಗಬೇಕು. ಅದಕ್ಕೆ ರಿಸ್ಟ್ರಿಕ್ಟರ್ ಎನ್ನುತ್ತಾರೆ. ಎಂಜಿನ್ ಎಷ್ಟು ಜೋರಾಗಿ ಎಳೆದರೂ ಆ ಸೊಂಟದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಅಲ್ಲಿಂದ ಹೆಚ್ಚಿನ ಗಾಳಿ ಬರುವುದಿಲ್ಲ. ಸೆಕೆಂಡಿಗೆ ಸುಮಾರು 70 ಗ್ರಾಂ ಗಾಳಿ ಹೋದ ಮೇಲೆ ಬಾಗಿಲು ಮುಚ್ಚಿದಂತೆ. ವಿದ್ಯಾರ್ಥಿಗಳ ಕೈಗೆ ಅಪಾಯಕಾರಿ ಶಕ್ತಿ ಸಿಗದಿರಲಿ ಎಂದು ಮಾಡಿದ ನಿಯಮ ಇದು.

ನಮ್ಮ ಕಾರಿನದ್ದು ಕೆಟಿಎಂ 390 ಬೈಕಿನ ಎಂಜಿನ್. ಒಂದೇ ಸಿಲಿಂಡರ್, 373 ಸಿಸಿ. ನಿಮಿಷಕ್ಕೆ 9000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 75 ಬಾರಿ ಗಾಳಿ ಎಳೆದುಕೊಳ್ಳುತ್ತದೆ. ಸಿಲಿಂಡರ್ ಪೂರ್ತಿ ತುಂಬುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 28 ಲೀಟರ್, ತೂಕದಲ್ಲಿ 33 ಗ್ರಾಂ. ಹಾಗಾದರೆ 70 ಗ್ರಾಮಿನ ಮಿತಿ ತೊಂದರೆಯೇ ಅಲ್ಲ ಎನಿಸುತ್ತದೆ. ಆದರೆ ಎಂಜಿನ್ ಸತತವಾಗಿ ಎಳೆಯುವುದಿಲ್ಲ. ನಾಲ್ಕು ಹೊಡೆತಗಳಲ್ಲಿ ಒಂದರಲ್ಲಿ ಮಾತ್ರ ಎಳೆಯುತ್ತದೆ, ಉಳಿದ ಮೂರರಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ. ಎಳೆಯುವ ಆ ಗಳಿಗೆಯಲ್ಲಿ ಬೇಡಿಕೆ ನಾಲ್ಕು ಪಟ್ಟಾಗಿ ಸೆಕೆಂಡಿಗೆ 130 ಗ್ರಾಮಿನ ಮಟ್ಟಕ್ಕೆ ಏರುತ್ತದೆ. ಕಂಡಿ ಅಷ್ಟು ಕೊಡಲಾರದು. ಅದಕ್ಕಾಗಿಯೇ ಆ ಬುರುಡೆ. ಊರಿನ ನೀರಿನ ಟ್ಯಾಂಕನ್ನು ನೆನೆಯಿರಿ: ಸಣ್ಣ ಪೈಪಿನಿಂದ ದಿನವಿಡೀ ನೀರು ಏರುತ್ತಿರುತ್ತದೆ, ಬೆಳಗಿನ ಹೊತ್ತು ಎಲ್ಲ ಮನೆಗಳೂ ಒಟ್ಟಿಗೆ ನಲ್ಲಿ ತಿರುಗಿಸಿದರೂ ಟ್ಯಾಂಕು ತಡೆದುಕೊಳ್ಳುತ್ತದೆ. ಬುರುಡೆ ಗಾಳಿಯ ಟ್ಯಾಂಕು. ತಂಡದವರು ಅದನ್ನು ಪ್ಲೀನಂ ಎನ್ನುತ್ತಿದ್ದರು.

ಎಂಜಿನ್ನನ್ನು ಬೇರೆ ಸ್ಟ್ಯಾಂಡಿನ ಮೇಲೆ ಕೂರಿಸಿ ಚಾಲೂ ಮಾಡಿದ ದಿನ ತಪಾಸಣೆಯವರು ಸ್ಪರ್ಧೆಯಲ್ಲಿ ಮಾಡುವ ಪರೀಕ್ಷೆಯನ್ನೇ ಮಾಡಿದೆವು. ಗಾಳಿಯ ಬಾಯಿಯನ್ನು ಪೂರ್ತಿ ಮುಚ್ಚಿದರೆ ಎಂಜಿನ್ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಗಾಳಿ ಬೇರೆಲ್ಲಿಂದಲೋ ಕದ್ದು ಬರುತ್ತಿದೆ ಎಂದರ್ಥ. ನಮ್ಮದು ನಿಲ್ಲಲಿಲ್ಲ, ಕೆಮ್ಮುತ್ತ ಓಡುತ್ತಲೇ ಇತ್ತು. ಸೋಪಿನ ನೀರು ಹಚ್ಚಿ ನೋಡಿದಾಗ ಬುರುಡೆಯ ಎರಡು ಹೋಳುಗಳನ್ನು ಅಂಟಿಸಿದ ಗೆರೆಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಫೈಬರ್ ದೋಣಿಯವರಿಗೆ ಅದು ಹತ್ತು ನಿಮಿಷದ ಕೆಲಸ. ಬಿರುಕಿನ ಅಂಚನ್ನು ಇಳಿಜಾರಾಗಿ ಉಜ್ಜಿ, ಒಂದರ ಮೇಲೊಂದು ದೊಡ್ಡದಾಗುವ ಹಾಗೆ ಗಾಜಿನ ನಾರಿನ ತುಂಡುಗಳನ್ನಿಟ್ಟು ರಾಳ ಹಚ್ಚಿದರು. ಇಳಿಜಾರು ಏಕೆಂದರೆ ನೇರ ಅಂಚಿಗೆ ತೇಪೆ ಹಾಕಿದರೆ ಬಲವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತದೆ. ಅಲೆಗೆ ಎದೆಯೊಡ್ಡುವ ದೋಣಿಯಲ್ಲಿ ಕಲಿತ ಪಾಠ ಅದು, ಕಾರಿಗೂ ಅಷ್ಟೇ ಸತ್ಯ. ಕರಾವಳಿಯಲ್ಲಿ ಈ ಕೆಲಸ ಮಾಡುವುದರ ದೊಡ್ಡ ಭಾಗ್ಯವೆಂದರೆ ಇಂಥ ಕೈಗಳು ಪಕ್ಕದಲ್ಲೇ ಇರುವುದು.

ಕರಾವಳಿಯ ದೊಡ್ಡ ಕಷ್ಟ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರನ್ನು ಎಳೆದುಕೊಂಡು ದ್ರವವಾಗುತ್ತದೆ. ಕಡಲಗಾಳಿ ಕಬ್ಬಿಣದ ಮೇಲೆ ಕೂರಿಸಿದ ಕಣ್ಣಿಗೆ ಕಾಣದ ಉಪ್ಪಿನ ಹುಡಿಗೂ ಇದೇ ಗತಿ. ಮಳೆ ಬೀಳದ ದಿನವೂ ಲೋಹದ ಮೇಲೆ ಉಪ್ಪುನೀರಿನ ತೆಳುಪದರ ನಿಂತೇ ಇರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ತುಕ್ಕು ಹಿಡಿಯುವುದು ವಿದ್ಯುತ್ತಿನ ಆಟ, ಹಾಗಾಗಿ ಇಲ್ಲಿ ಅದು ಓಡುತ್ತದೆ. ತುಕ್ಕನ್ನು ಉಜ್ಜಿ ತೆಗೆದು ಆ ಕೂಡಲೇ ಬಣ್ಣ ಬಳಿಯುವವರು ಸೋಲುವುದೂ ಇದೇ ಕಾರಣಕ್ಕೆ. ತುಕ್ಕಿನ ಗುಳಿಗಳ ತಳದಲ್ಲಿ ಉಪ್ಪು ಉಳಿದಿರುತ್ತದೆ, ಬಣ್ಣದ ಕೆಳಗೇ ತನ್ನ ಕೆಲಸ ಮುಂದುವರಿಸುತ್ತದೆ. ಉಜ್ಜಿದ ಮೇಲೆ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಬಿಸಿಗಾಳಿಯಿಂದ ಒಣಗಿಸಿ, ಆಮೇಲೆ ಪ್ರೈಮರ್. ಬಂದರಿನವರು ಇದನ್ನು ನಮಗೆ ಮೊದಲ ವಾರವೇ ಹೇಳಿದರು. ನಾವು ಕೇಳಿದ್ದು ಮೂರನೆಯ ವಾರ.

ತುಕ್ಕನ್ನು ತಡೆಯಲು ಅಂಗಡಿಯಲ್ಲಿ ಸಿಗುವ ಕೆಲವು ದ್ರಾವಣಗಳಲ್ಲಿ ಟ್ಯಾನಿನ್ ಇರುತ್ತದೆ. ಅದು ತುಕ್ಕಿನೊಂದಿಗೆ ಸೇರಿ ಕಪ್ಪು ಪದರವಾಗಿ ಕೂರುತ್ತದೆ. ಹಚ್ಚಿದ ಜಾಗ ಕಣ್ಣೆದುರೇ ಕಪ್ಪಾಗುವುದನ್ನು ಕಂಡು ಶಿರಸಿಯ ಮೇಷ್ಟ್ರು ‘ಇದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಪ್ಪಲ್ಲವೇ’ ಎಂದರು. ಅವರ ಮಾತು ಸರಿ. ಅಡಿಕೆಯ ಚೊಗರಿನಲ್ಲಿರುವುದೂ ಟ್ಯಾನಿನ್ನೇ, ಅಣಲೆಕಾಯಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಕಬ್ಬಿಣದ ಜೊತೆ ಇದೇ ಕ್ರಿಯೆಯಿಂದ. ಆದರೆ ಇದು ಮೇಲ್ಮೈಯ ಮದ್ದು. ತಿಂದುಹೋದ ದಪ್ಪವನ್ನು ಯಾವ ದ್ರಾವಣವೂ ಹಿಂದಕ್ಕೆ ತರುವುದಿಲ್ಲ.

ಹಾಗಾದರೆ ಪೈಪು ಒಳಗಿನಿಂದ ಎಷ್ಟು ತಿಂದುಹೋಗಿದೆ? ಇದೇ ಮುಖ್ಯ ಪ್ರಶ್ನೆ. ಕಾರು ಮಗುಚಿದರೆ ಚಾಲಕನ ತಲೆಯನ್ನು ಉಳಿಸುವುದು ಆ ಹಿಂಬದಿಯ ಕಮಾನು. ನಿಯಮದ ಪ್ರಕಾರ ಅದರ ಪೈಪು 25.4 ಮಿಲಿಮೀಟರ್ ಹೊರವ್ಯಾಸ, ಗೋಡೆಯ ದಪ್ಪ 2.4 ಮಿಲಿಮೀಟರ್. ಪಕ್ಕದ ಆಘಾತ ತಡೆಯುವ ಪೈಪುಗಳ ಗೋಡೆ ಸುಮಾರು 1.6 ಮಿಲಿಮೀಟರ್. ಹೊರಗೆ ಎಲ್ಲ ಪೈಪೂ ಒಂದೇ ಗಾತ್ರ ಕಾಣುವುದರಿಂದ ಯಾರಾದರೂ ತೂಕ ಉಳಿಸಲು ತೆಳು ಪೈಪು ಹಾಕಿದರೆ ತಿಳಿಯುವುದಿಲ್ಲ. ಅದನ್ನು ಹಿಡಿಯಲು ತಪಾಸಣೆಯವರು ಒಂದು ಉಪಾಯ ಮಾಡಿದ್ದಾರೆ: ಕಮಾನಿನಲ್ಲಿ, ಬಲ ಹೆಚ್ಚು ಬೀಳದ ಜಾಗದಲ್ಲಿ, 4.5 ಮಿಲಿಮೀಟರಿನ ಒಂದು ತೂತು ಕೊರೆದಿರಬೇಕು. ಅದರೊಳಗೆ ಅಳತೆಯ ಕಡ್ಡಿ ಹಾಕಿ ಗೋಡೆಯ ದಪ್ಪ ನೋಡುತ್ತಾರೆ.

ನಮ್ಮ ಕಾರಿನ ದುರದೃಷ್ಟ ಆ ತೂತಿನಿಂದಲೇ ಶುರುವಾಗಿತ್ತು. ಚಾಲಕನನ್ನು ಕಾಯಲೆಂದು ಕೊರೆದ ತೂತು ಮೇಲ್ಮುಖವಾಗಿ ಮಳೆಗೆ ತೆರೆದುಕೊಂಡಿತ್ತು. ಸ್ಪರ್ಧೆ ಮುಗಿದ ಮೇಲೆ ಅದಕ್ಕೊಂದು ಬಿರಡೆ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಳಗೆ ಹೋದ ನೀರು ಕಮಾನಿನ ಎರಡೂ ಕಾಲುಗಳ ಬುಡಕ್ಕೆ ಇಳಿದು, ಅಲ್ಲಿ ವೆಲ್ಡಿಂಗ್ ಮುಚ್ಚಿದ್ದರಿಂದ ಹೊರಬರಲಾಗದೆ ನಿಂತಿತು. ಬಿಸಿಲೇರಿದಾಗ ಪೈಪಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ತೇವದ ಕಡಲಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹೀಗೆ ಪೈಪು ದಿನಕ್ಕೊಮ್ಮೆ ಉಸಿರಾಡುತ್ತಿತ್ತು. ಹೊರಗಿನ ಬಣ್ಣಕ್ಕೆ ಇದ್ಯಾವುದೂ ಗೊತ್ತಿಲ್ಲ.

ಒಳಗನ್ನು ಹೊರಗಿನಿಂದ ಅಳೆಯಲು ಅಲ್ಟ್ರಾಸೌಂಡ್ ದಪ್ಪಮಾಪಕ ಬೇಕು. ಬೆರಳುದ್ದದ ಕೋಲನ್ನು ಜೆಲ್ ಹಚ್ಚಿ ಪೈಪಿಗೆ ಒತ್ತಿದರೆ ಅದು ಶಬ್ದದ ಒಂದು ಮಿಡಿತ ಕಳಿಸುತ್ತದೆ. ಮಿಡಿತ ಗೋಡೆಯ ಒಳಮೈಗೆ ಬಡಿದು ಮರಳುತ್ತದೆ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5900 ಮೀಟರ್ ಓಡುವುದರಿಂದ, ಹೋಗಿಬರಲು ಹಿಡಿದ ಕಾಲದಿಂದ ದಪ್ಪ ತಿಳಿಯುತ್ತದೆ. 2.4 ಮಿಲಿಮೀಟರಿನ ಗೋಡೆಗೆ ಆ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಹಡಗಿನ ತಳವನ್ನು ಪರೀಕ್ಷಿಸುವುದೂ ಇದೇ ತತ್ತ್ವದಿಂದ. ಒಬ್ಬರಿಂದ ಮಾಪಕವನ್ನು ಒಂದು ದಿನದ ಮಟ್ಟಿಗೆ ಎರವಲು ತಂದು, ಕಮಾನಿನುದ್ದಕ್ಕೂ ಗೇಣಿಗೊಂದರಂತೆ ಅಳೆದು ಸೀಮೆಸುಣ್ಣದಲ್ಲಿ ಪೈಪಿನ ಮೇಲೇ ಬರೆದೆವು. ನೆತ್ತಿಯಲ್ಲಿ 2.4. ಭುಜದಲ್ಲಿ 2.3. ಸೊಂಟದ ಮಟ್ಟದಲ್ಲಿ 1.9. ಬುಡದಲ್ಲಿ 1.3. ಬರೆಯುತ್ತಿದ್ದವರು ಕಮಾನನ್ನು ಬೆಸೆದ ಹಳೆಯ ವಿದ್ಯಾರ್ಥಿ. ಕೊನೆಯ ಸಂಖ್ಯೆ ಬರೆದು ಸೀಮೆಸುಣ್ಣವನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತರು.

ಇಲ್ಲಿ ಒಂದು ಮಾತು ಬೇಕು. ಹಳೆಯ ಯಂತ್ರವನ್ನು ಉಳಿಸುವುದರಲ್ಲಿ ಮೂರು ಹಂತಗಳಿವೆ: ನೋಡಲು ಇಡುವುದು, ನಿಂತಲ್ಲೇ ಚಾಲೂ ಮಾಡುವುದು, ಮನುಷ್ಯನನ್ನು ಕೂರಿಸಿ ಓಡಿಸುವುದು. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದು ಮತ್ತೆ ತೇಲಬೇಕೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಅದರ ಮೂಲ ತಗಡನ್ನೇ ಆದಷ್ಟು ಉಳಿಸಿಕೊಳ್ಳುವುದು ಸರಿಯಾದ ದಾರಿ. ಓಡಿಸುವ ಕಾರಿನಲ್ಲಿ ಹಳತನ್ನು ಉಳಿಸುವ ಆಸೆಗೂ ಕೂತವರ ಜೀವಕ್ಕೂ ನೇರ ಜಗಳ ಬರುತ್ತದೆ. ನಾವು ಮೂರನೆಯ ಹಂತವನ್ನು ಆರಿಸಿಕೊಂಡಿದ್ದೇವೆ. ಹಾಗಾಗಿ ನಮ್ಮ ನಿಯಮ ಒಂದೇ: ಜೀವ ಹೊರುವ ಭಾಗ ಹೊಸದು, ಉಳಿದದ್ದು ಹಳೆಯದು. ತೆಗೆದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಫೋಟೊ ತೆಗೆದು ಇಡುತ್ತೇವೆ.

ಈ ನಿಯಮದ ಪ್ರಕಾರ ಸೀಟಿನ ಬೆಲ್ಟುಗಳು ಮೊದಲ ದಿನವೇ ಹೋದವು. ಬಿಸಿಲಿಗೂ ಉಪ್ಪಿಗೂ ನೂಲು ಸೊರಗುವುದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ರೇಸ್ ಬೆಲ್ಟುಗಳ ಮೇಲೆ ದಿನಾಂಕ ಹೊಲಿದಿರುತ್ತಾರೆ. ಟೈರುಗಳ ರಬ್ಬರ್ ಉಗುರು ಊರದಷ್ಟು ಗಟ್ಟಿಯಾಗಿತ್ತು. ಪೆಟ್ರೋಲ್ ಕೊಳವೆಗಳೂ ಹೋದವು: ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಬ್ರೇಕಿನ ಎಣ್ಣೆ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಹೊಸ ಎಣ್ಣೆ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಚಕ್ರ ಹಿಡಿಯುವ ಅಲ್ಯೂಮಿನಿಯಂ ಗಟ್ಟಿಯಿಂದ ಉಕ್ಕಿನ ಬೋಲ್ಟು ಬಿಚ್ಚುವುದಕ್ಕೆ ಮಾತ್ರ ಎರಡು ಭಾನುವಾರ ಹಿಡಿಯಿತು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡರೆ ಅದೊಂದು ಬ್ಯಾಟರಿ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ದೋಣಿಯ ತಳಕ್ಕೆ ಸತುವಿನ ತುಂಡು ಕಟ್ಟುವುದು ಇದೇ ಕಾರಣಕ್ಕೆ, ತಾನು ಕರಗಿ ಉಳಿದದ್ದನ್ನು ಕಾಯಲಿ ಎಂದು. ನಮ್ಮ ಬೋಲ್ಟಿನ ಸುತ್ತ ಬಿಳಿ ಪುಡಿ ಉಬ್ಬಿ ಕಲ್ಲಾಗಿತ್ತು. ಪಾನಾಕ್ಕೆ ಪೈಪು ಸಿಕ್ಕಿಸಿ ಬಲ ಹಾಕಿದ್ದರೆ ಬೋಲ್ಟು ತುಂಡಾಗುತ್ತಿತ್ತು. ಶಾಖ ಕೊಟ್ಟರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಅಂದರೆ ತೂತು ಬೋಲ್ಟಿಗಿಂತ ಬೇಗ ಅಗಲವಾಗುತ್ತದೆ. ಗ್ಯಾಸಿನ ಉರಿ ಹಿಡಿದರೆ ಅಲ್ಯೂಮಿನಿಯಂ ತನ್ನ ಬಿಗುವು ಕಳೆದುಕೊಳ್ಳುವ ಭಯ. ಆದ್ದರಿಂದ ಪಾತ್ರೆಯಲ್ಲಿ ನೀರು ಕುದಿಸಿ ಸುರಿದು, ಎಣ್ಣೆ ಬಿಟ್ಟು, ತಣಿಯಲು ಬಿಟ್ಟು, ಮತ್ತೆ ಸುರಿದೆವು. ಆರನೆಯ ಪಾತ್ರೆಗೆ ‘ಟಿಕ್’ ಎಂದು ಸದ್ದಾಯಿತು. ಶೆಡ್ಡಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡಿದರು. ಬೋಲ್ಟು ಕಾಲು ಸುತ್ತು ತಿರುಗಿತ್ತು.

ನಕ್ಷೆಗಳು ಉಳಿದಿರಲಿಲ್ಲವಾದ್ದರಿಂದ ಕಮಾನನ್ನು ಮುಟ್ಟುವ ಮೊದಲು ಕಾರಿನ ಅಳತೆಗಳನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕಿತ್ತು. ಗಾರೆಯವರು ಬಳಸುವ ಪಾರದರ್ಶಕ ನೀರಿನ ಪೈಪಿನಿಂದ ಚೌಕಟ್ಟನ್ನು ಮಟ್ಟಕ್ಕೆ ತಂದು, ಕಾರಿನ ಎರಡೂ ಬದಿಗೆ ದಾರ ಬಿಗಿದು, ಪ್ರತಿ ಸಂದಿಯಿಂದಲೂ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದೆವು. ಹಿಂಭಾಗದ ಎಡ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತೋಳು ಬಲದ್ದಕ್ಕಿಂತ 4 ಮಿಲಿಮೀಟರ್ ಉದ್ದ ಬಂತು. ಅಪಘಾತವೇ, ಇಲ್ಲ ಕಟ್ಟುವಾಗಲೇ ಆದ ತಪ್ಪೇ? ಬಣ್ಣ ಕೆರೆದಾಗ ತೋಳು ಬಾಗಿದ ಗುರುತಿಲ್ಲ, ಬ್ರಾಕೆಟಿನಲ್ಲಿ ಎರಡನೆಯ ಸಲ ಬೆಸೆದ ಗುರುತಿದೆ. ತಪ್ಪು ಜಾಗದಲ್ಲಿ ಬೆಸೆದ ಬ್ರಾಕೆಟನ್ನು ಸರಿಪಡಿಸಲು ಸಮಯವಿಲ್ಲದೆ, ತೋಳನ್ನೇ ಉದ್ದ ಮಾಡಿ ಹೊಂದಿಸಿದ್ದರು. ಆ ತೋಳನ್ನು ಹಾಗೆಯೇ ಉಳಿಸಿದ್ದೇವೆ. ‘ಸರಿ’ ಮಾಡಿದರೆ ಕಟ್ಟಿದವರ ಆ ಲೆಕ್ಕಾಚಾರ ಅಳಿಸಿಹೋಗುತ್ತದೆ.

ಕಮಾನಿನ ವಿಷಯದಲ್ಲಿ ಆ ಆಯ್ಕೆ ಇರಲಿಲ್ಲ. ಬುಡವನ್ನಷ್ಟೇ ಕತ್ತರಿಸಿ ಹೊಸ ತುಂಡು ಬೆಸೆಯೋಣ ಎಂಬ ಮಾತು ಬಂತು. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ: ಮುಖ್ಯ ಕಮಾನು ಎಲ್ಲಿಯೂ ತುಂಡಾಗದ ಒಂದೇ ಪೈಪಿನದ್ದಾಗಿರಬೇಕು. ಸ್ಪರ್ಧೆಗೆ ಹೋಗದ ಕಾರಿಗೆ ನಿಯಮವೇಕೆ ಎಂದೂ ಒಬ್ಬರು ಕೇಳಿದರು. ಬೆಸುಗೆಯ ಪಕ್ಕದಲ್ಲಿ ಶಾಖ ತಗಲಿದ ಉಕ್ಕು ಮೂಲ ಗುಣ ಕಳೆದುಕೊಂಡಿರುತ್ತದೆ, ಮಗುಚಿದಾಗ ಮುರಿಯುವುದು ಅಲ್ಲಿಯೇ. ಉರುಳುವ ಕಾರಿಗೆ ಸ್ಪರ್ಧೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇಡೀ ಕಮಾನನ್ನು ಹೊಸದಾಗಿ ಮಾಡಿಸಲು ತೀರ್ಮಾನಿಸಿದೆವು.

ಪೈಪನ್ನು ಬಾಗಿಸುವುದೂ ಸುಲಭವಲ್ಲ. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು, ನಮ್ಮ ಪೈಪಿಗೆ ಸುಮಾರು 76 ಮಿಲಿಮೀಟರ್. ಅದಕ್ಕಿಂತ ಗಿಡ್ಡಕ್ಕೆ ಬಾಗಿಸಿದರೆ ಹೊರಗೋಡೆ ತೆಳ್ಳಗಾಗಿ ಒಳಗೋಡೆ ಸುಕ್ಕುಗಟ್ಟುತ್ತದೆ. ಪೈಪು ಚಪ್ಪಟೆಯಾಗದಿರಲು ಒಳಗೆ ಒಣ ಮರಳು ತುಂಬಿ ಎರಡೂ ತುದಿ ಬಿಗಿದೆವು. ಮರಳನ್ನು ಮೊದಲು ಸಿಹಿನೀರಿನಲ್ಲಿ ತೊಳೆದು ಬಾಣಲೆಯಲ್ಲಿ ಹುರಿದದ್ದು ಬಂದರಿನವರ ಸಲಹೆ. ಕಡಲತೀರದ ಮರಳು ಬೇಡವೇ ಬೇಡ ಎಂದೂ ಅವರೇ ಹೇಳಿದರು. ಎರಡನೆಯ ಪೈಪು ಸರಿಯಾಗಿ ಬಂತು. ಹಳೆಯ ಕಮಾನಿಗೆ ಆನಿಸಿ ನೋಡಿದಾಗ ಎರಡರ ನಡುವೆ ಬೆಳಕು ತೂರಲಿಲ್ಲ.

ಹೊಸ ಕಮಾನಿಗೂ 4.5 ಮಿಲಿಮೀಟರಿನ ತೂತು ಕೊರೆದೆವು, ಈ ಸಲ ಕೆಳಮುಖವಾಗಿ, ರಬ್ಬರ್ ಬಿರಡೆಯೊಂದಿಗೆ. ಕೊರೆದದ್ದು ಹಳೆಯದನ್ನು ಬೆಸೆದ ಅದೇ ವಿದ್ಯಾರ್ಥಿ. ಹಳೆಯ ಕಮಾನು ಈಗ ಶೆಡ್ಡಿನ ಗೋಡೆಯ ಮೇಲಿದೆ, ಸೀಮೆಸುಣ್ಣದ ಸಂಖ್ಯೆಗಳು ಅಳಿಸದಂತೆ ಮೇಲೆ ವಾರ್ನಿಷ್ ಹಚ್ಚಿದ್ದೇವೆ. ಅದರ ತೂತಿನ ಪಕ್ಕದಲ್ಲಿ, ಕೊರೆಯುವಾಗ ಡ್ರಿಲ್ ಜಾರಿ ಎಳೆದ ಬಾಲಚಂದ್ರನಂಥ ಒಂದು ಗೀರು ಕಾಣುತ್ತದೆ. ನೋಂದಣಿಯಿಲ್ಲದ ಈ ವಾಹನವನ್ನು ಮೋಟಾರು ವಾಹನ ಕಾಯ್ದೆಯಂತೆ ಸಾರ್ವಜನಿಕ ರಸ್ತೆಗೆ ಇಳಿಸುವ ಹಾಗಿಲ್ಲ. ಹಾಗಾಗಿ ಖಾಸಗಿ ಮೈದಾನವೊಂದನ್ನು ಹುಡುಕುತ್ತಿದ್ದೇವೆ. ಮಳೆ ಶುರುವಾಗುವ ಮೊದಲು ನಾಲ್ಕೂ ಚಕ್ರಗಳು ಒಟ್ಟಿಗೆ ಬಿಗಿಹಿಡಿಯುವ ಬ್ರೇಕ್ ಪರೀಕ್ಷೆಯಾದರೂ ಆಗಬೇಕು. ಮುಂದಿನ ಭಾನುವಾರ ಹಿಂಭಾಗದ ಎಡ ಚಕ್ರ, ಆ ಉದ್ದದ ತೋಳಿನ ಜೊತೆ.